ಗೆಟ್ ಎಂಬ ಯಹೂದಿ ವಿಚ್ಛೇದನ ಪತ್ರ ಸಿಗುವ ಮೊದಲು ಒಂದೇ ಮನೆ ಮಾಡಬೇಡಿ

ನೀವು ಪ್ರೀತಿಸುವ ಹೆಂಗಸು ಯಹೂದಿ, ಗಂಡನಿಂದ ದೂರ ಇದ್ದಾರೆ, ಆದರೆ ವಿಚ್ಛೇದನ ಆಗಿಲ್ಲ. ನೀವು ಹಿಂದೂ. ಹಾಗಾಗಿ ಯಹೂದಿ ಶಾಸ್ತ್ರದ ವ್ಯಭಿಚಾರದ ಮಾತು ನಿಮಗೆ ಅನ್ವಯಿಸಲ್ಲ ಅಲ್ವಾ ಅಂತ ಕೇಳಿದ್ದೀರಿ. ಇಸ್ರೇಲಿನ ಹೈಫಾದಲ್ಲಿ ಕೆಲಸಕ್ಕಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಈಗಿನ ನನ್ನ ಹೆಂಡತಿ ಆಗ ಇನ್ನೊಬ್ಬರ ಹೆಂಡತಿ. "ಬರೀ ಕಾಗದದ ಮೇಲೆ" ಅಂತ ಇಬ್ಬರೂ ಹೇಳಿಕೊಳ್ಳುತ್ತಿದ್ದೆವು.

ಆ ಕಾಗದವೇ ಅಲ್ಲಿ ಎಲ್ಲಾ. ಎಷ್ಟು ವರ್ಷ ಬೇರೆ ಇದ್ದರೂ ಶಾಸ್ತ್ರದ ಪ್ರಕಾರ ಮದುವೆ ಮುರಿಯುವುದು ಗೆಟ್ ಎಂಬ ಪತ್ರದಿಂದ. ಹನ್ನೆರಡು ಸಾಲು, ಗಂಡನ ಪರವಾಗಿ ಲಿಪಿಕಾರ ಕೈಯಲ್ಲೇ ಬರೆಯುತ್ತಾನೆ. ಸಾಕ್ಷಿಗಳ ಮುಂದೆ ಹೆಂಡತಿ ಬೊಗಸೆ ಒಡ್ಡಿ ನಿಲ್ಲಬೇಕು, ಗಂಡ ಒಪ್ಪಿ ಅದರೊಳಗೆ ಹಾಕಬೇಕು. ಇಸ್ರೇಲಿನಲ್ಲಿ ಯಹೂದಿಗಳ ಮದುವೆ, ವಿಚ್ಛೇದನ ಎರಡೂ 1953ರ ಕಾನೂನಿನಂತೆ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಕೋರ್ಟಿನ ಕೈಯಲ್ಲಿವೆ.

ನಾವು ಅರ್ಜಿ ಹಾಕುವ ಮೊದಲೇ ಬಾಡಿಗೆ ಮನೆ ಹಿಡಿದೆವು. ನಮ್ಮನ್ನು ಮುಳುಗಿಸಿದ್ದು ಇದೇ. ಪ್ರೀತಿಸಿದ್ದಲ್ಲ, ಜೊತೆಗೆ ಓಡಾಡಿದ್ದೂ ಅಲ್ಲ, ಒಂದೇ ವಿಳಾಸ ಮಾಡಿಕೊಂಡದ್ದು. ಮೆಟ್ಟಿಲ ಕೆಳಗಿನ ಟಪಾಲು ಪೆಟ್ಟಿಗೆ ಮೇಲೆ ಇಬ್ಬರ ಹೆಸರನ್ನೂ ಹೀಬ್ರೂನಲ್ಲಿ ಬರೆದು ಅಂಟಿಸಿದ್ದೆವು. ಅಲ್ಲಿ ಎಲ್ಲರೂ ಹಾಗೆ ಅಂಟಿಸುತ್ತಾರೆ. ಅವಳ ಗಂಡ ಅದರ ಫೋಟೋ ತೆಗೆದು ಕೋರ್ಟಿಗೆ ಕೊಟ್ಟ. ಅಲ್ಲಿವರೆಗೆ ಹೊಂದಾಣಿಕೆಯಾಗದ ಗಂಡ ಹೆಂಡಿರ ಕೇಸಾಗಿದ್ದದ್ದು ಆವತ್ತಿಂದ ದಾರಿ ತಪ್ಪಿದ ಹೆಂಡತಿಯ ಕೇಸಾಯಿತು. ಅಂಥ ಹೆಂಡತಿಗೆ ಮದುವೆ ಕರಾರಿನ ಹಣ ಸಿಗುವುದಿಲ್ಲ. ಗೆಟ್ ಕೊಡದೆ ಸತಾಯಿಸುವ ಗಂಡನಿಗೆ ದೇಶ ಬಿಡದಂತೆ ತಡೆ ಹಾಕಲು, ಜೈಲಿಗೂ ಕಳಿಸಲು 1995ರ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಅಷ್ಟು ದೂರ ಹೋಗುವ ಧೈರ್ಯ ನಮಗೆ ಉಳಿದಿರಲಿಲ್ಲ. ಫ್ಲಾಟಿನ ಪಾಲು ಬಿಟ್ಟುಕೊಟ್ಟರೆ ಗೆಟ್ ಕೊಡ್ತೀನಿ ಅಂದ. ಅವಳ ಅಪ್ಪ ಅಮ್ಮ ದುಡ್ಡು ಹಾಕಿದ್ದ ಫ್ಲಾಟ್ ಅದು. ಸಹಿ ಹಾಕಿದಳು.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ನೀವು ಯಾರು ಅನ್ನುವುದು ಅಲ್ಲಿ ಆಮೇಲಿನ ಮಾತು. ಅವರು ಗಂಡನಿರುವ ಯಹೂದಿ ಹೆಂಗಸು. ಜೊತೆಗಿರುವವನು ಯಹೂದಿ ಅಲ್ಲದಿದ್ದರೂ ಅದು ವ್ಯಭಿಚಾರವೇ, ಆಮೇಲೆ ಅವರು ಗಂಡನ ಹತ್ತಿರ ವಾಪಸ್ ಹೋಗುವಂತಿಲ್ಲ. ನಿಮಗೆ ಅನ್ವಯಿಸಲ್ಲ ಅನ್ನುವುದೂ ತಪ್ಪು. ನೋಹನ ಸಂತತಿಗೆಲ್ಲ, ಅಂದರೆ ಮನುಷ್ಯರಿಗೆಲ್ಲ ಇರುವ ಏಳು ಕಟ್ಟಳೆಗಳು ಅಂತ ಆ ಶಾಸ್ತ್ರ ಹೇಳುತ್ತದೆ. ಪರರ ಹೆಂಡತಿಯ ಜೊತೆ ಹೋಗಬಾರದು ಅನ್ನುವುದೂ ಅದರಲ್ಲಿ ಸೇರಿದೆ. ಇನ್ನು ಮದುವೆಯಾದ ಗಂಡಸು ಮದುವೆಯಾಗದವಳ ಜೊತೆ ಹೋದರೆ ಅದಕ್ಕೆ ಈ ಹೆಸರಿಲ್ಲ. ನನಗೆ ಇದು ಶುದ್ಧ ಅನ್ಯಾಯ ಅನ್ನಿಸುತ್ತದೆ.

ಮಕ್ಕಳ ವಿಷಯಕ್ಕೂ ನಮ್ಮನ್ನು ತುಂಬಾ ಹೆದರಿಸಿದ್ದರು. ಅಂಥ ಸಂಬಂಧದಲ್ಲಿ ಹುಟ್ಟಿದ ಮಗು ಮಮ್ಜೇರ್, ಅದನ್ನು ಬೇರೆ ಯಹೂದಿಗಳು ಮದುವೆಯಾಗುವ ಹಾಗಿಲ್ಲ ಅಂತ. ಅಪ್ಪ ಯಹೂದಿ ಆಗಿದ್ದರೆ ಆ ಮಾತು ನಿಜ. ಅಪ್ಪ ಯಹೂದಿ ಅಲ್ಲದಿದ್ದರೆ ಮಗು ಮಮ್ಜೇರ್ ಅಲ್ಲ, ತಾಯಿಯ ಕಡೆಯಿಂದ ಪೂರ್ತಿ ಯಹೂದಿ. ಇದನ್ನು ಬಿಡಿಸಿ ಹೇಳುವವರು ಸಿಗುವವರೆಗೆ ಅವಳಿಗೆ ನಿದ್ದೆ ಇರಲಿಲ್ಲ.

ಆಮೇಲೆ ಸೈಪ್ರಸ್‌ಗೆ ಹೋಗಿ ಮದುವೆಯಾದೆವು. ಶಾಸ್ತ್ರದ ಲೆಕ್ಕದಲ್ಲಿ ನಮ್ಮದು ಮದುವೆಯೇ ಅಲ್ಲ. ಯಹೂದಿ ಮತ್ತು ಯಹೂದಿಯಲ್ಲದವರ ನಡುವೆ ಅಂಥ ಬಂಧ ಕೂಡುವುದಿಲ್ಲ. ಆದರೆ ಹೊರದೇಶದ ಇಂಥ ಮದುವೆಯನ್ನು ಸರ್ಕಾರಿ ದಾಖಲೆಗೆ ಸೇರಿಸಲೇಬೇಕು ಅಂತ 1963ರಲ್ಲೇ ಇಸ್ರೇಲಿನ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮದೂ ದಾಖಲಾಯಿತು. ನೀವು ಸೈಪ್ರಸ್ ಟಿಕೆಟ್ ನೋಡುತ್ತಿದ್ದರೆ ಈಗಲೇ ನಿಲ್ಲಿಸಿ, ವಿಚ್ಛೇದನದ ದಾಖಲೆ ಇಲ್ಲದೆ ಅಲ್ಲಿ ಮದುವೆ ಮಾಡಿಸುವುದಿಲ್ಲ. ಮತಾಂತರ ಆಗಿ ರಬ್ಬಿಗಳ ಹತ್ತಿರವೇ ಮದುವೆ ಆಗೋಣ ಅನ್ನುವುದೂ ಸುಲಭ ಅಲ್ಲ. ವ್ಯಭಿಚಾರ ಮಾಡಿದವಳು ಆ ಗಂಡಸಿಗೂ ನಿಷಿದ್ಧ. ಅವನು ಮತಾಂತರ ಆದರೆ ಆ ನಿಷೇಧ ಉಳಿಯುತ್ತದಾ ಅನ್ನುವುದು 12ನೇ ಶತಮಾನದ ರಬ್ಬೇನು ತಾಮ್ ಎಂಬ ಶಾಸ್ತ್ರಪಂಡಿತರ ಕಾಲದಿಂದ ನಡೆದಿರುವ ವಾದ.

ಈಗಲೇ ಬೇರೆ ಮನೆ ಮಾಡಿ. ರಬ್ಬಿ ಕೋರ್ಟಿನಲ್ಲಿ ವಾದಿಸಲು ತರಬೇತಿ ಪಡೆದ ಹೆಂಗಸರಿದ್ದಾರೆ, ಅವರಲ್ಲೊಬ್ಬರನ್ನು ನಿಮ್ಮವರು ಹಿಡಿಯಲಿ. ಮೊದಲ ದಿನ ನೀವಿಲ್ಲದೆ ಹೋಗಲಿ. ನೀವು ಕೋರ್ಟಿನ ಬಾಗಿಲವರೆಗೂ ಹೋಗಬೇಡಿ.