ಹಳೆಯ ಮೀನುಗಾರಿಕೆ ಪಟ್ಟಣಗಳ ಪೇಟೆಬೀದಿಗಳು ಅಷ್ಟು ಸೊಗಸಾಗಿ ಕಾಣುವುದೇಕೆ?

ನನ್ನ ಪ್ರಕಾರ ಕಾರಣ ಎರಡು: ಎಲ್ಲ ದಾರಿಗಳೂ ನೀರಿಗೆ ಇಳಿಯುತ್ತವೆ, ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಆಮೇಲೆ ಬರಲಿಲ್ಲ.

ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಲೂನೆನ್‌ಬರ್ಗ್ ನೋಡಿ. 1753ರಲ್ಲಿ ಬ್ರಿಟಿಷರು ಮೊದಲೇ ನಕ್ಷೆ ಬರೆದು, ಯುರೋಪಿನ ಪ್ರಾಟೆಸ್ಟೆಂಟರನ್ನು, ಹೆಚ್ಚಾಗಿ ಜರ್ಮನ್ನರನ್ನು, ಕರೆತಂದು ನೆಲೆಗೊಳಿಸಿದ ಊರು. ನಕ್ಷೆಯಲ್ಲಿ ಬೀದಿಗಳೆಲ್ಲ ನೇರ. ನೆಲ ಮಾತ್ರ ಕಡಿದಾದ ಇಳಿಜಾರು! ಆ ಎಡವಟ್ಟಿನಿಂದಲೇ ಮೇಲಿನ ಬೀದಿಯಲ್ಲಿ ನಿಂತರೂ ಬಂದರು ಕಾಣುತ್ತದೆ. ಮರದ ಹಡಗು ಕಟ್ಟುತ್ತಿದ್ದ ಊರಿನಲ್ಲಿ ಮನೆಗಳೂ ಮರದವೇ, ಮೇಲೆ ಗಾಢ ಕೆಂಪು, ಹಳದಿ, ನೀಲಿ. ಮುಂಬಾಗಿಲ ಮೇಲೆ ಹೊರಚಾಚಿದ ಕಿಟಕಿಗೂಡಿಗೆ ‘ಲೂನೆನ್‌ಬರ್ಗ್ ಬಂಪ್’ ಎಂದೇ ಹೆಸರು. ಕೆನಡಾದ ಹತ್ತು ಸೆಂಟ್ ನಾಣ್ಯದ ಹಾಯಿಹಡಗಿಗೆ ಮಾದರಿಯಾದ ‘ಬ್ಲೂನೋಸ್’ 1921ರಲ್ಲಿ ನೀರಿಗಿಳಿದದ್ದು ಇಲ್ಲೇ.

1990ರ ದಶಕದ ಆರಂಭದಲ್ಲಿ ಆ ಕರಾವಳಿಯ ಕಾಡ್ ಮೀನುಗಾರಿಕೆ ಕುಸಿಯಿತು. 1995ರಲ್ಲಿ ಹಳೇ ಪೇಟೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಮೀನು ಸಂಸ್ಕರಿಸುತ್ತಿದ್ದ ಕಟ್ಟಡ ಈಗ ವಸ್ತುಸಂಗ್ರಹಾಲಯ. ಆದರೂ ಸ್ಕ್ಯಾಲಪ್ ಚಿಪ್ಪುಮೀನಿನ ದೋಣಿಗಳು ಇನ್ನೂ ಹೊರಡುತ್ತವೆ. ಅವೂ ನಿಂತಿದ್ದರೆ ಊರು ಬರೀ ಸಿನಿಮಾ ಸೆಟ್ಟಿನಂತಾಗುತ್ತಿತ್ತು.