ಲೆನ್ಸ್ ಬಿಚ್ಚೋಕೆ ಮುಂಚೆ ಮೆನುವಿನಿಂದ ಆ 87 ತೆಗೀರಿ

ಸರ್, ಹೀಲಿಯೋಸ್ 44-2 (ಹಳೇ ಸೋವಿಯತ್ ಮ್ಯಾನ್ಯುವಲ್ ಲೆನ್ಸ್, 58 ಮಿ.ಮೀ.) ಬಿಚ್ಚಿ ಒಳಗಿನ ಗ್ಲಾಸ್ ಒರೆಸೋ ಯೋಚನೆ ದಯವಿಟ್ಟು ಬಿಡಿ. ಸೋನಿ ಎ6600 ಕ್ಯಾಮೆರಾದ ಸ್ಟೆಡಿಶಾಟ್ (ಕೈ ನಡುಕ ಸರಿಪಡಿಸೋಕೆ ಸೆನ್ಸರನ್ನೇ ಸರಿಸೋ ವ್ಯವಸ್ಥೆ) ಮೆನುವಿನಲ್ಲಿ ಫೋಕಲ್ ಲೆಂತ್ 87 ಹಾಕಿ, 1/30 ಸೆಕೆಂಡ್ ಶಟರ್‌ನಲ್ಲಿ ಕೆ.ಆರ್. ಮಾರ್ಕೆಟ್ ಹೂವಿನ ಫೋಟೊ ತೆಗೆದೆ, ಎಲ್ಲಾ ಅಲ್ಲಾಡಿದೆ ಅಂದಿದ್ದೀರಿ. ತಪ್ಪಿರೋದು ಆ 87ರಲ್ಲೇ. ನಾನೂ ಇದೇ ಗುಣಾಕಾರ ಮಾಡಿ ಕೆಟ್ಟವನು. 58ನ್ನ 1.5ರಿಂದ ಗುಣಿಸೋದು, ಈ ಚಿಕ್ಕ ಸೆನ್ಸರ್‌ನ ಫ್ರೇಮ್ ಎಷ್ಟು ಅಗಲ ಅಂತ ಫುಲ್ ಫ್ರೇಮ್ ಕ್ಯಾಮೆರಾ ಜೊತೆ ಹೋಲಿಸೋಕೆ ಮಾತ್ರ. ಸ್ಟೆಡಿಶಾಟ್‌ಗೆ ಬೇಕಿರೋದು ಲೆನ್ಸ್ ಮೇಲೆ ಕೆತ್ತಿರೋ 58. ಜಾಸ್ತಿ ಹೇಳಿದರೆ ಸೆನ್ಸರ್ ನಿಮ್ಮ ಕೈ ನಡುಕಕ್ಕಿಂತ ಹೆಚ್ಚು ಸರಿದು, ತಾನೇ ಅಲ್ಲಾಡಿಸುತ್ತೆ. ಸ್ಟೆಡಿಶಾಟ್ ಅಡ್ಜಸ್ಟ್ ಮ್ಯಾನ್ಯುವಲ್‌ಗೆ ಇಟ್ಟು 58ಕ್ಕೆ ಹತ್ತಿರದ ಅಂಕಿ ಆರಿಸಿ. ಲೆನ್ಸ್ ಬದಲಿಸಿದಾಗಲೆಲ್ಲ ಇದನ್ನೂ ಬದಲಿಸಬೇಕು. ಹೂ ಕಟ್ಟೋರ ಕೈ ಓಡ್ತಾ ಇದ್ದರೆ ಮಾತ್ರ ಸ್ಟೆಡಿಶಾಟ್ ಏನೂ ಮಾಡಲ್ಲ, 1/250 ಬೇಕು.

ಅನುಮಾನ ಇದ್ದರೆ ಟ್ರೈಪಾಡ್ ಮೇಲೆ ಸ್ಟೆಡಿಶಾಟ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಟ್ಟು ತೆಗೀರಿ. ಶಾರ್ಪ್ ಬಂತಾ, ಲೆನ್ಸ್ ಸರಿಯಿದೆ.

ಇನ್ನು ಫೋಕಸ್. ಪೀಕಿಂಗ್ (ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋದು) ಒಂದನ್ನೇ ನಂಬಬೇಡಿ. ಎಫ್/2ರಲ್ಲಿ ಮುಂದಿನ ಎಸಳೂ ಹಿಂದಿನದೂ ಎರಡೂ ಮಿನುಗುತ್ತೆ. ಲೆವೆಲ್ ಲೋ, ಬಣ್ಣ ಕೆಂಪು ಇಡಿ. ಚೆಂಡು ಹೂವಿನ ರಾಶಿಯಲ್ಲಿ ಹಳದಿ ಕಾಣೋದೇ ಇಲ್ಲ. ಕೊನೆಗೆ ಚಿತ್ರ ಮ್ಯಾಗ್ನಿಫೈ ಮಾಡಿ ನೋಡಿಯೇ ಶಟರ್ ಒತ್ತಬೇಕು. 44-2ರಲ್ಲಿ ಅಪರ್ಚರ್‌ಗೆ ಎರಡು ರಿಂಗ್ ಇದೆ: ಟಕ್ ಟಕ್ ಅನ್ನೋದರಲ್ಲಿ 8 ಇಟ್ಟರೆ, ನುಣ್ಣಗೆ ತಿರುಗೋದು 2ರಿಂದ ಹೊರಟು 8ಕ್ಕೆ ಬಂದು ತಡೆದು ನಿಲ್ಲುತ್ತೆ. ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಮುಚ್ಚಿ. ಎಫ್/2.8, 4ಕ್ಕೆ ಹೀಗೆ ಬೇಡ, ತೆಗೆಯೋ ಅಪರ್ಚರ್‌ನಲ್ಲೇ ಫೋಕಸ್ ಮಾಡಿ.

ನಂದಿ ಬೆಟ್ಟದಲ್ಲಿ ರಿಂಗನ್ನು ಅನಂತದ ಗುರುತಿಗೆ ಒತ್ತಿಟ್ಟು ತೆಗೀಬೇಡಿ. ಈ ಲೆನ್ಸಿನ ಎಂ42 ತಿರುಪನ್ನು ಸೋನಿಯ ಇ-ಮೌಂಟ್‌ಗೆ ಕೂರಿಸೋ ಅಡಾಪ್ಟರ್ 27.46 ಮಿ.ಮೀ. ದಪ್ಪ ಇರಬೇಕು, ಅಗ್ಗದವು ಬೇಕಂತಲೇ ಕೂದಲೆಳೆ ಗಿಡ್ಡ ಇರ್ತವೆ, ಫೋಕಸ್ ಅನಂತ ದಾಟಿ ಹೋಗುತ್ತೆ. ನನ್ನ ಲೆಕ್ಕದಲ್ಲಿ ಕೆ ಆಂಡ್ ಎಫ್ ಕಾನ್ಸೆಪ್ಟ್ ಕಂಪನಿಯ ಅಡಾಪ್ಟರ್ ಧಾರಾಳ ಸಾಕು. ಗ್ಲಾಸ್ ಇರೋ ಅಡಾಪ್ಟರ್ ಎ6600 ಥರದ ಮಿರರ್‌ಲೆಸ್‌ಗೆ ಬೇಡವೇ ಬೇಡ.

ನಿಕಾನ್ ಡಿ7200ಗೆ ಹಳೇ ಲೆನ್ಸ್ ಹಾಕೋ ಮಾತೆತ್ತಿದವರಿಗೆ: 1977ಕ್ಕಿಂತ ಹಿಂದಿನ, ಎಐ (ನಿಕಾನ್‌ನ ಹೊಸ ಅಪರ್ಚರ್ ರಿಂಗ್ ವಿನ್ಯಾಸ)ಗೆ ಬದಲಿಸದ ನಿಕ್ಕೋರ್ ಲೆನ್ಸನ್ನು ಮೌಂಟ್‌ಗೆ ತಿರುಗಿಸಲೇಬೇಡಿ, ಮೌಂಟ್ ಪಕ್ಕದ ಪುಟ್ಟ ಕೊಕ್ಕೆ ಮುರಿಯುತ್ತೆ.

ಸಂಡೆ ಬಜಾರ್‌ನಲ್ಲಿ ಕೊಳ್ಳೋದಾದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಜೇಡರ ಬಲೆ ಥರ ಎಳೆ ಕಂಡರೆ ಫಂಗಸ್, ಇಟ್ಟುಬಿಡಿ. ಧೂಳಿನ ನಾಲ್ಕು ಕಣಕ್ಕೆ ಹೆದರಬೇಡಿ. ಮನೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯೋ ಒಂದು ಹೈಗ್ರೋಮೀಟರ್. ತೇವ 40ರಿಂದ 50%. ಚರ್ಮದ ಹಳೇ ಕೇಸ್‌ನಲ್ಲಿ ಮಾತ್ರ ಇಡಬೇಡಿ, ತೇವ ಹಿಡಿದಿಡೋದೇ ಅದು.