ಮಧ್ಯಾಹ್ನಕ್ಕೇ ಮನೆಗೆ ಕಳುಹಿಸುವ ಮುನ್ನ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ ಹನ್ನೊಂದು ವರ್ಷ. ತಾಲ್ಲೂಕು ಕೇಂದ್ರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಾಳೆ. ಅವಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಚಲನೆ ಕಷ್ಟವಾಗುವ ಸ್ಥಿತಿ) ಇದೆ. ಕಾಲುಗಳ ಸ್ನಾಯುಗಳು ಬಿಗಿಯಾಗಿವೆ, ವಾಕರ್ ಹಿಡಿದು ನಡೆಯುತ್ತಾಳೆ, ಬರವಣಿಗೆ ನಿಧಾನ. ಕಲಿಕೆಯಲ್ಲಿ ತೊಂದರೆಯಿಲ್ಲ; ಗಣಿತದಲ್ಲಿ ತರಗತಿಯ ಮೊದಲ ಸಾಲಿನವಳು. ಐದನೆಯ ತರಗತಿಯವರೆಗೆ ಎಲ್ಲವೂ ಸುಗಮವಾಗಿತ್ತು. ಆರಕ್ಕೆ ಬಂದಾಗ ಕೊಠಡಿ ಮಹಡಿಗೆ ಹೋಯಿತು, ವಿಷಯಕ್ಕೊಬ್ಬ ಶಿಕ್ಷಕರಾದರು. ಊಟದ ನಂತರ ಅವಳು ತಲೆನೋವೆಂದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗತೊಡಗಿದಳು. "ಇವಳಿಗೆ ಪೂರ್ತಿ ದಿನದ ಶಕ್ತಿಯಿಲ್ಲ, ಮಧ್ಯಾಹ್ನದವರೆಗೆ ಮಾತ್ರ ಕಳುಹಿಸಿ" ಎಂದಿತು ಶಾಲೆ. ತಾಯಿ ನನ್ನ ಬಳಿ ಬಂದದ್ದೇ ಅದಕ್ಕೆ: "ಅರ್ಧ ದಿನ ಸಾಕು ಎಂದು ಒಂದು ಪತ್ರ ಬರೆದುಕೊಡಿ, ಮೇಡಂ."

ಪತ್ರ ಬರೆಯಲಿಲ್ಲ. ಬದಲಿಗೆ ಒಂದು ವಾರ ಮಗಳ ದಿನವನ್ನು ಗಂಟೆವಾರು ಬರೆದಿಡುವಂತೆ ಕೇಳಿದೆ: ಏನು ತಿಂದಳು, ಎಷ್ಟು ನೀರು ಕುಡಿದಳು, ಮೂತ್ರಕ್ಕೆ ಯಾವಾಗ ಹೋದಳು, ಕಾಲು ಯಾವಾಗ ಹೆಚ್ಚು ಬಿಗಿಯಾಗುತ್ತದೆ, ನಿದ್ದೆ ಎಷ್ಟು.

ಆ ಪುಟಗಳಲ್ಲಿ ಎಲ್ಲವೂ ಇತ್ತು. ಬೆಳಗ್ಗೆ ಎಂಟರ ನಂತರ ಅವಳು ಮನೆಗೆ ಮರಳುವವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ಶೌಚಾಲಯ ಅಂಗಳದಾಚೆ, ಕುಕ್ಕರುಗಾಲಿನಲ್ಲಿ ಕೂರುವಂಥದ್ದು, ಹಿಡಿಯಲು ಕಂಬಿಯಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ ಹೇಳಿದಳು: "ನೀರು ಕುಡಿದರೆ ಯಾರನ್ನಾದರೂ ಜೊತೆಗೆ ಕಳುಹಿಸಿ ಎಂದು ಟೀಚರನ್ನು ಕೇಳಬೇಕಲ್ಲ. ನಾಚಿಕೆಯಾಗುತ್ತದೆ." ಶಾಲೆ ಶಕ್ತಿಯಿಲ್ಲ ಎಂದದ್ದು ಈ ಬಾಯಾರಿಕೆಯನ್ನು. ಇದರ ಮೇಲೆ ವಾರದಲ್ಲಿ ಮೂರು ಸಂಜೆ ಬಸ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಫಿಸಿಯೋಥೆರಪಿಗೆ ಹೋಗಿ ರಾತ್ರಿ ಮರಳುವ ಓಡಾಟ. ಮರುದಿನ ಬೆಳಗ್ಗೆ ನಿದ್ದೆ ಸಾಲದೆ ಏಳುತ್ತಿದ್ದಳು.

ಅರ್ಧ ದಿನವೆಂದರೆ ಏನು ಕಳೆದುಹೋಗುತ್ತದೆ ಎಂದು ಯಾರೂ ವೇಳಾಪಟ್ಟಿ ತೆರೆದು ನೋಡಿರಲಿಲ್ಲ. ಗಣಿತ, ವಿಜ್ಞಾನ ಎರಡೂ ಊಟದ ನಂತರದ ಅವಧಿಗಳಲ್ಲಿದ್ದವು. ಅವಳು ಗಟ್ಟಿಯಾಗಿರುವ ವಿಷಯವನ್ನೇ ವರ್ಷವಿಡೀ ಕಿತ್ತುಕೊಂಡಂತಾಗುತ್ತಿತ್ತು. ಇದು ನನಗೆ ಇವತ್ತಿಗೂ ಸಂಕಟ ತರುವ ಸಂಗತಿ: ವಿಶೇಷ ಅಗತ್ಯವುಳ್ಳ ಮಗುವಿಗೆ ಅನುಕೂಲ ಮಾಡುತ್ತೇವೆಂದು ನಾವು ಮೊದಲು ಕತ್ತರಿಸುವುದು ಅದರ ಕಲಿಕೆಯ ಗಂಟೆಗಳನ್ನು.

ತಾಯಿಗೆ ಹೇಳಿದೆ: "ಅಮ್ಮ, ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಇಷ್ಟು ಹೊತ್ತು ತಡೆದರೆ ಸೋಂಕು ತಗಲಬಹುದು, ಮಲಬದ್ಧತೆಯೂ ಹೆಚ್ಚುತ್ತದೆ. ಪತ್ರದ ಮಾತು ಆಮೇಲೆ." ಮನೆಯಲ್ಲೇ ಶಿಕ್ಷಣ ಕೊಡಿಸಬಹುದಲ್ಲ ಎಂದು ಶಾಲೆಯಲ್ಲಿ ಯಾರೋ ಅವರಿಗೆ ಹೇಳಿದ್ದರು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿ ಬಹುವಿಕಲತೆ ಅಥವಾ ತೀವ್ರ ವಿಕಲತೆಯುಳ್ಳ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆ ಆಯ್ಕೆ ಮಗುವಿನ ಪರವಾಗಿ ಕುಟುಂಬದ್ದು, ಶಾಲೆ ಹೊರಿಸುವಂಥದ್ದಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಹೊಣೆ.

ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕಿ, ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಮನ್ವಯ ಶಿಕ್ಷಣಕ್ಕೆ ನೆರವಾಗುವ) ಶಿಕ್ಷಕರು, ತಾಯಿ, ಮಗಳು ಎಲ್ಲರೂ ಒಟ್ಟಿಗೆ ಕುಳಿತೆವು. ಮಗಳು ಇರಲೇಬೇಕೆಂದು ನಾನು ಪಟ್ಟು ಹಿಡಿದಿದ್ದೆ. "ಒಬ್ಬಳಿಗಾಗಿ ಇಡೀ ಶಾಲೆಯ ವೇಳಾಪಟ್ಟಿ ಬದಲಿಸುವುದೇ?" ಎಂಬ ಪ್ರಶ್ನೆ ಬಂತು. ಶಿಕ್ಷಕರು ಕಡಿಮೆಯಿರುವ ಶಾಲೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಕಾಗದ ಹರಡಿ ನೋಡಿದಾಗ ಆರು ಮತ್ತು ಏಳನೆಯ ತರಗತಿಗಳ ಅವಧಿಗಳನ್ನು ಅದಲುಬದಲು ಮಾಡಿದರೆ ಸಾಕಾಗಿತ್ತು. ಗಣಿತ, ವಿಜ್ಞಾನ ಬೆಳಗಿನ ಅವಧಿಗೆ ಬಂದವು. ಆರನೆಯ ತರಗತಿ ಕೆಳಗಿನ ಕೊಠಡಿಗೆ ಇಳಿಯಿತು. ಶಾಲಾಭಿವೃದ್ಧಿ ಸಮಿತಿಯವರು ಶೌಚಾಲಯಕ್ಕೆ ಕಮೋಡ್ ಕುರ್ಚಿ ಮತ್ತು ಕಂಬಿ ಹಾಕಿಸಲು ಒಪ್ಪಿದರು. ವಿರಾಮದ ಗಂಟೆಗೆ ಹತ್ತು ನಿಮಿಷ ಮುಂಚೆ ಅವಳು ಯಾರನ್ನೂ ಕೇಳದೆ ಎದ್ದು ಹೋಗಬಹುದು, ಗದ್ದಲವಿಲ್ಲ, ತಳ್ಳಾಟವಿಲ್ಲ. ಊಟದ ನಂತರ ಹದಿನೈದು ನಿಮಿಷ ಚಾಪೆಯ ಮೇಲೆ ಕಾಲು ಚಾಚಿ ಮಲಗಲು ಜಾಗ. ಆಟದ ಅವಧಿಯಲ್ಲಿ ಅವಳನ್ನು ತರಗತಿಯಲ್ಲಿ ಬಿಟ್ಟುಹೋಗುವ ರೂಢಿ ನಿಲ್ಲಬೇಕೆಂದೂ ಬರೆಸಿದೆ.

ಫಿಸಿಯೋಥೆರಪಿಸ್ಟರೊಡನೆ ಮಾತಾಡಿ, ಆಸ್ಪತ್ರೆಗೆ ಶನಿವಾರ ಮಾತ್ರ ಹೋಗುವಂತೆ ಮಾಡಿಕೊಂಡೆವು. ಅಂದು ಶಾಲೆ ಅರ್ಧ ದಿನವಷ್ಟೇ. ಉಳಿದ ದಿನ ಬೆಳಗ್ಗೆ ಮನೆಯಲ್ಲೇ ಸ್ನಾಯು ಎಳೆಯುವ ವ್ಯಾಯಾಮ. ಅದನ್ನು ಅವರೇ ತಾಯಿಗೆ ಕಲಿಸಿದರು. ಮನೆಗೆಲಸಕ್ಕೆ ಹತ್ತು ಲೆಕ್ಕದ ಬದಲು ನಾಲ್ಕು. ಕಿರುಪರೀಕ್ಷೆಗಳಲ್ಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಸಮಯ. ಲಿಖಿತ ಪರೀಕ್ಷೆಗಳಿಗಾಗಿ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಕನಿಷ್ಠ ಇಷ್ಟು ಎಂದು ಹೇಳಿತ್ತು. ಎಸ್‌ಎಸ್‌ಎಲ್‌ಸಿವರೆಗೆ ಕಾಯದೆ ಈಗಿನಿಂದಲೇ ಅಭ್ಯಾಸವಾಗಲಿ ಎಂದು ನಾನು ಸೂಚಿಸಿದೆ.

ಹಿಂದಿಯನ್ನು ಬಿಡಿಸಬಹುದೇ ಎಂದು ತಾಯಿ ಕೇಳಿದರು. 2016ರ ಕಾಯ್ದೆಯ 17ನೆಯ ಸೆಕ್ಷನ್ ಎರಡನೆಯ, ಮೂರನೆಯ ಭಾಷೆಯ ವಿನಾಯಿತಿಯನ್ನೂ ಹೇಳುತ್ತದೆ. ಆದರೂ ಈಗಲೇ ಬೇಡವೆಂದೆ. ಅವಳಿಗೆ ಕಷ್ಟವಾಗುತ್ತಿರುವುದು ಭಾಷೆಯಲ್ಲ, ಬರೆಯುವ ಕೈ. ಬಾಯಿಮಾತಿನ ಪಾಠ, ಸಂಭಾಷಣೆಯಲ್ಲಿ ವರ್ಷ ಕಳೆಯಲಿ, ನಂತರ ಅವಳನ್ನೇ ಕೇಳಿ ತೀರ್ಮಾನಿಸೋಣ.

ಎರಡು ತಿಂಗಳಲ್ಲಿ ನೀರಿನ ಬಾಟಲಿ ಖಾಲಿಯಾಗಿ ಮನೆಗೆ ಬರತೊಡಗಿತು, ಮಧ್ಯಾಹ್ನದ ತಲೆನೋವು ನಿಂತಿತು. ಪೂರ್ತಿ ದಿನ ಶಾಲೆಯಲ್ಲಿರುತ್ತಾಳೆ. ಕೊನೆಯ ಅವಧಿಯಲ್ಲಿ ಸುಸ್ತು ಇನ್ನೂ ಇದೆ. ಚಳಿಗಾಲದಲ್ಲಿ ಬಿಗಿತ ಹೆಚ್ಚುವುದರಿಂದ ನವೆಂಬರಿನಲ್ಲಿ ಮತ್ತೆ ಕುಳಿತು ವೇಳಾಪಟ್ಟಿ ನೋಡಬೇಕು. ಶೌಚಾಲಯಕ್ಕೆ ಇಳಿಜಾರು ದಾರಿ ಇನ್ನೂ ಆಗಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ತಾಯಿಯ ಸಹಿಯಿರುವ ಅರ್ಜಿ ಹೋಗಿದೆ. ಸ್ವೀಕೃತಿ ಪ್ರತಿಯನ್ನು ಜೋಪಾನವಾಗಿಡಲು ಹೇಳಿದ್ದೇನೆ.